ಅಜ್ಜಿಯ ಜೊತೆಗೆ ವಿಜ್ಞಾನ ಸಂಗ್ರಹಾಲಯ: ಬೆಂಗಳೂರಿನಲ್ಲಿ ಒಂದು ದಿನ ಕಳೆಯುವ ಬಗೆ

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ನಾವು ಮೊದಲ ಸಲ ಹೋದಾಗ ಮೂರು ಗಂಟೆಯೊಳಗೆ ಎಲ್ಲ ಗ್ಯಾಲರಿಗಳನ್ನೂ ಮುಗಿಸಿದೆವು. ಊಟದ ಎಲೆ ಮುಗಿಸಿದ ಹಾಗೆ. ಏನೇನು ನೋಡಿದಿರಿ ಎಂದು ರಾತ್ರಿ ಅತ್ತೆಯವರು ಕೇಳಿದರೆ, ಆರು ವರ್ಷದ ಮಗ "ತುಂಬಾ ಗುಂಡಿ ಒತ್ತಿದೆ ಅಜ್ಜಿ" ಎಂದ. ಹನ್ನೊಂದು ವರ್ಷದ ಮಗಳು ಮೊಬೈಲಿನಲ್ಲಿದ್ದ ತೊಂಬತ್ತು ಫೋಟೋ ತೋರಿಸಿದಳು. ಒಂದರ ಬಗ್ಗೆಯೂ ಎರಡು ಮಾತು ಹೇಳಲು ಅವಳಿಗೆ ಆಗಲಿಲ್ಲ. ತಪ್ಪು ಮಕ್ಕಳದಲ್ಲ, ಓಡಿಸಿದ ನಮ್ಮದು.

ಎರಡನೆಯ ಸಲ ಅತ್ತೆಯವರನ್ನೂ ಕರೆದುಕೊಂಡು ಹೋದೆವು. ಮಂಡಿನೋವಿನ ಅಜ್ಜಿಗಾಗಿ ನಿಧಾನವಾಗಿ ನಡೆಯಬೇಕಾಯಿತು, ಅಲ್ಲಲ್ಲಿ ಕೂರಬೇಕಾಯಿತು. ಅದೇ ಆ ದಿನವನ್ನು ಉಳಿಸಿತು. ಅಂದಿನಿಂದ ಈಚೆಗೆ ನಾಲ್ಕು ಸಲ ಹೋಗಿ ಬಂದಿದ್ದೇವೆ. ಕೆಳಗಿನ ಕ್ರಮ ಹಾಗೆ ಹೋಗಿ ಹೋಗಿ ಪಳಗಿದ್ದು. ಬೆಳಿಗ್ಗೆ ಸಂಗ್ರಹಾಲಯ, ಮಧ್ಯಾಹ್ನ ಮೆಟ್ರೋ, ಸಂಜೆ ಲಾಲ್‌ಬಾಗಿನ ಬಂಡೆ. ಬಂಡೆ ಏಕೆ ಎಂಬುದು ಡೈನೋಸಾರ್ ನೋಡಿದ ಮೇಲೆ ತಿಳಿಯುತ್ತದೆ.

ಹಿಂದಿನ ದಿನದ ಕೆಲಸ

ಸಂಗ್ರಹಾಲಯ ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ. ಗಣೇಶ ಚತುರ್ಥಿ ಮತ್ತು ದೀಪಾವಳಿ ಬಿಟ್ಟರೆ ವರ್ಷವಿಡೀ ರಜೆಯಿಲ್ಲ. ಟಿಕೆಟ್ ದರ ಆಗಾಗ ಬದಲಾಗುತ್ತದೆ, ಹಿಂದಿನ ದಿನ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ. ತಾರಾಮಂಡಲ ಮತ್ತು ಮೂರು ಆಯಾಮದ ಚಿತ್ರ ಪ್ರದರ್ಶನಕ್ಕೆ ಪ್ರತ್ಯೇಕ ಟಿಕೆಟ್ ಬೇಕು.

ಡಿಸೆಂಬರ್, ಜನವರಿ ಶಾಲಾ ಪ್ರವಾಸದ ಕಾಲ. ಒಂದೇ ಬಣ್ಣದ ಸ್ವೆಟರ್ ತೊಟ್ಟ ಇನ್ನೂರು ಮಕ್ಕಳು ಒಮ್ಮೆಗೇ ಒಳಗೆ ಬಂದರೆ ಯಾವ ಮಾದರಿಯ ಮುಂದೆಯೂ ನಿಲ್ಲಲು ಆಗುವುದಿಲ್ಲ. ಭಾನುವಾರವೂ ಹೆಚ್ಚುಕಡಿಮೆ ಅದೇ ಕಥೆ. ಸಾಧ್ಯವಿದ್ದರೆ ವಾರದ ನಡುವಿನ ಒಂದು ರಜಾದಿನ ಹುಡುಕಿ. ಆಗದಿದ್ದರೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ.

ರಾತ್ರಿ ಮಕ್ಕಳ ಕೈಯಲ್ಲಿ ಒಂದು ಕೆಲಸ ಮಾಡಿಸಿ. ಹೂ ಕಟ್ಟುವ ದಾರದ ಉಂಡೆ ತೆಗೆದುಕೊಂಡು, ಮನೆಯಲ್ಲಿ ಯಾರದಾದರೂ ಒಬ್ಬರ ಗೇಣಿನಿಂದ ಮೂವತ್ತು ಗೇಣು ಅಳೆದು ಕತ್ತರಿಸಿ. ಒಂದು ತುದಿಯಿಂದ ಒಂದು ಗೇಣಿಗೆ ಸರಿಯಾಗಿ ಕುಂಕುಮ ಹಚ್ಚಿ ಗುರುತು ಮಾಡಿ. ಅಡುಗೆಮನೆಯಿಂದ ಒಂದೇ ಒಂದು ರಾಗಿ ಕಾಳು ತಂದು ಕಾಗದದಲ್ಲಿ ಮಡಚಿ ಇಟ್ಟುಕೊಳ್ಳಿ. ಇವು ಏತಕ್ಕೆ ಎಂದು ಈಗಲೇ ಹೇಳಬೇಡಿ. ನಮ್ಮ ಮಗ ಆ ರಾಗಿಯ ಪೊಟ್ಟಣವನ್ನು ದಿನವಿಡೀ ಜೇಬಿನಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಚೀಲದಲ್ಲಿ ನೀರು, ಟೋಪಿ, ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್. ಇಷ್ಟು ಸಾಕು. ಬೆಳಿಗ್ಗೆ ಮನೆಯಲ್ಲೇ ಗಟ್ಟಿಯಾಗಿ ತಿಂಡಿ ತಿಂದು ಹೊರಡಿ.

ಹೋಗುವುದು

ಕಾರು ಬೇಡ. ಕಸ್ತೂರಬಾ ರಸ್ತೆಯಲ್ಲಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಮಕ್ಕಳ ಉತ್ಸಾಹ ಅರ್ಧ ಇಳಿದಿರುತ್ತದೆ, ಅಪ್ಪನ ತಾಳ್ಮೆ ಪೂರ್ತಿ. ಮೆಟ್ರೋದ ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಮಕ್ಕಳು ಆರಾಮವಾಗಿ ನಡೆಯಬಹುದು. ಹಿರಿಯರಿದ್ದರೆ ಆಟೋ ಹಿಡಿಯಿರಿ, ಅವರ ಕಾಲಿನ ಶಕ್ತಿ ಒಳಗಡೆಗೆ ಬೇಕು.

ಒಳಗೆ ಹೋಗುವ ಮೊದಲು ಅಂಗಳದಲ್ಲಿ ಹತ್ತು ನಿಮಿಷ ನಿಲ್ಲಿ. ಹೆಚ್ಚಿನವರು ಹೋಗುವಾಗ ಫೋಟೋಕ್ಕೆ ಮಾತ್ರ ನಿಲ್ಲುವ ಯುದ್ಧವಿಮಾನ ಅಲ್ಲಿದೆ: ಎಚ್‌ಎಫ್-24 ಮಾರುತ್. ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ. ಇದೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಮೊದಲ ಸಲ ಹಾರಿತು. 1971ರ ಯುದ್ಧದಲ್ಲಿಯೂ ಹಾರಿತು. "ನಮ್ಮ ಊರಿನಲ್ಲೇ ಮಾಡಿದ್ದು" ಎಂಬ ಒಂದು ಮಾತಿಗೆ ಮಕ್ಕಳು ಅದನ್ನು ನೋಡುವ ಬಗೆಯೇ ಬದಲಾಗುತ್ತದೆ.

ಈ ಕಟ್ಟಡವನ್ನು ಜವಾಹರಲಾಲ್ ನೆಹರೂ 1962ರ ಜುಲೈ 14ರಂದು ಉದ್ಘಾಟಿಸಿದರು. ಯಾರ ಹೆಸರಿನಲ್ಲಿ ಇದು ನಿಂತಿದೆಯೋ ಆ ಸರ್ ಎಂ. ವಿಶ್ವೇಶ್ವರಯ್ಯನವರು ಅದೇ ವರ್ಷದ ಏಪ್ರಿಲ್ 14ರಂದು, ನೂರು ವರ್ಷ ದಾಟಿದ ಮೇಲೆ ತೀರಿಕೊಂಡಿದ್ದರು. ಮೂರು ತಿಂಗಳ ಅಂತರ. ಅತ್ತೆಯವರು ಬಾಗಿಲಲ್ಲಿ ಒಂದು ಕ್ಷಣ ಕೈಮುಗಿದರು. ಮಗಳಿಗೆ ಸ್ವಲ್ಪ ಮುಜುಗರವಾಯಿತು, ನನಗೆ ಆಗಲಿಲ್ಲ.

ಒಳಗೆ: ಮೂರನ್ನು ಆರಿಸಿಕೊಳ್ಳಿ, ಉಳಿದದ್ದನ್ನು ಬಿಡಿ

ಎಂಜಿನ್ ಸಭಾಂಗಣ, ವಿದ್ಯುತ್ ಗ್ಯಾಲರಿ, ಮೋಜಿನ ವಿಜ್ಞಾನ, ಬಾಹ್ಯಾಕಾಶ, ಜೈವಿಕ ತಂತ್ರಜ್ಞಾನ, ಎಲೆಕ್ಟ್ರಾನಿಕ್ಸ್, ಚಿಕ್ಕ ಮಕ್ಕಳ ವಿಭಾಗ ಹೀಗೆ ಒಂದರ ಮೇಲೊಂದು ಇವೆ. ಒಂದು ದಿನಕ್ಕೆ ಮೂರು ಸಾಕು. ಯಾವ ಮೂರು ಎಂದು ಮಕ್ಕಳೇ ಹೇಳಲಿ. ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಆಯ್ಕೆ, ಅಜ್ಜಿಗೂ ಒಂದು. ಅಪ್ಪನ ಆಯ್ಕೆಗೆ ಇನ್ನೂ ಸರದಿ ಬಂದಿಲ್ಲ.

ಮೊದಲು ಡೈನೋಸಾರ್. ತಪ್ಪಿಸಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಮೊದಲೇ ನೋಡಿಬಿಡುವುದು ಒಳ್ಳೆಯದು. ಬೆನ್ನ ಮೇಲೆ ಹಾಯಿಯಂಥ ರೆಕ್ಕೆ ಎತ್ತಿಕೊಂಡು, ತಲೆ ಅಲ್ಲಾಡಿಸಿ ಗರ್ಜಿಸುವ ಸ್ಪೈನೋಸಾರಸ್ ಮಾದರಿ ಅದು. ಮೂರು ನಾಲ್ಕು ವರ್ಷದ ಮಕ್ಕಳು ಹೆದರುತ್ತಾರೆ. ಎತ್ತಿಕೊಂಡು ದೂರದಿಂದ ತೋರಿಸಿ, ಒಳಗೆ ಮೋಟಾರು ಇದೆ ಎಂದು ಹೇಳಿ, ಬಲವಂತ ಮಾಡಬೇಡಿ. ದೊಡ್ಡ ಮಕ್ಕಳಿಗೆ ಈ ಕಥೆ ಹೇಳಬಹುದು: ಈಜಿಪ್ಟಿನಲ್ಲಿ ಸಿಕ್ಕ ಇದರ ಮೂಳೆಗಳನ್ನು ಅರ್ನ್ಸ್ಟ್ ಸ್ಟ್ರೋಮರ್ ಎಂಬ ಜರ್ಮನ್ ವಿಜ್ಞಾನಿ 1915ರಲ್ಲಿ ವರ್ಣಿಸಿದರು. ಮ್ಯೂನಿಕ್ ನಗರದಲ್ಲಿದ್ದ ಆ ಮೂಳೆಗಳು 1944ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಸುಮಾರು ಹತ್ತು ಕೋಟಿ ವರ್ಷ ನೆಲದಡಿ ಉಳಿದದ್ದು ಒಂದು ರಾತ್ರಿಯಲ್ಲಿ ಹೋಯಿತು. ಅದರ ಉದ್ದ ಮೂತಿಯನ್ನೂ ಶಂಕುವಿನಂಥ ಹಲ್ಲುಗಳನ್ನೂ ಗಮನಿಸಿ. ಮೊಸಳೆಯ ಬಾಯಿ ನೆನಪಾಗುತ್ತದೆ, ಏಕೆಂದರೆ ಇದೂ ಮೀನು ಹಿಡಿಯುತ್ತಿತ್ತು.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಅಮ್ಮ, ಬೆಂಗಳೂರಿನಲ್ಲಿ ಡೈನೋಸಾರ್ ಇತ್ತಾ?" ಉತ್ತರವನ್ನು ಸಂಜೆಗೆ ಇಟ್ಟುಕೊಳ್ಳಿ.

ರಾಟೆಯ ಮುಂದೆ ಅಜ್ಜಿ

ಎಂಜಿನ್ ಸಭಾಂಗಣದಲ್ಲಿ ದೊಡ್ಡ ಎಂಜಿನ್‌ಗಳನ್ನು ಸೀಳಿ ಒಳಗಿನ ಕೆಲಸ ಕಾಣುವಂತೆ ಇಟ್ಟಿದ್ದಾರೆ. ಹಲ್ಲುಗಾಲಿ, ರಾಟೆಗಳ ಮಾದರಿಗಳೂ ಇವೆ. ನಾನು ಫಲಕ ಓದಿ ವಿವರಿಸಲು ಹೊರಟೆ. ಒಂದು ಸ್ಥಿರ ರಾಟೆ ಭಾರವನ್ನು ಕಡಿಮೆ ಮಾಡುವುದಿಲ್ಲ, ಬಲದ ದಿಕ್ಕನ್ನು ಮಾತ್ರ ಬದಲಿಸುತ್ತದೆ ಎಂದೆ. ಮಗಳು ಒಪ್ಪಲಿಲ್ಲ. ಭಾರ ಕಡಿಮೆಯಾಗದಿದ್ದರೆ ರಾಟೆ ಯಾಕೆ ಬೇಕು ಎಂದಳು.

ಬೆಂಚಿನ ಮೇಲೆ ಕೂತಿದ್ದ ಅತ್ತೆಯವರು ಎದ್ದು ಬಂದರು. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಮೂವತ್ತು ವರ್ಷ ಬಾವಿಯಿಂದ ನೀರು ಸೇದಿದವರು ಅವರು. "ನಿಮ್ಮಮ್ಮ ಹೇಳುವುದು ಸರಿ. ಕೊಡ ಹಗುರವಾಗುವುದಿಲ್ಲ. ಆದರೆ ಬಗ್ಗಿ ಮೇಲಕ್ಕೆ ಎಳೆದರೆ ಸೊಂಟ ಹೋಗುತ್ತದೆ. ರಾಟೆ ಇದ್ದರೆ ಕೆಳಕ್ಕೆ ಎಳೆಯುತ್ತೇವಲ್ಲ, ಆಗ ಮೈಭಾರವೇ ಕೆಲಸ ಮಾಡುತ್ತದೆ" ಎಂದು ಎರಡು ಕೈಯನ್ನೂ ತಲೆಯ ಮೇಲಿಂದ ಹೊಟ್ಟೆಯವರೆಗೆ ಒಂದಾದ ಮೇಲೊಂದು ಇಳಿಸಿ ತೋರಿಸಿದರು. ಮಧ್ಯದಲ್ಲಿ ಒಂದು ಕೈ ಬಿಡುವಾಗ ಇನ್ನೊಂದು ಕೈ ಹಗ್ಗ ಹಿಡಿದಿರಬೇಕು, ಇಲ್ಲದಿದ್ದರೆ ಕೊಡ ಬಾವಿಗೆ. ಇಲ್ಲದ ಹಗ್ಗವನ್ನು ಅವರ ಬೆರಳುಗಳು ಬಿಗಿಯಾಗಿ ಹಿಡಿದೇ ಇದ್ದವು. ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಎರಡನೆಯ ರಾಟೆಯನ್ನು ಭಾರದ ಜೊತೆ ಚಲಿಸುವಂತೆ ಕಟ್ಟಿದರೆ ಮಾತ್ರ ಬಲ ಅರ್ಧವಾಗುತ್ತದೆ, ಆದರೆ ಎರಡರಷ್ಟು ಹಗ್ಗ ಎಳೆಯಬೇಕು. ಅದನ್ನು ಕೇಳಿದ ಅಜ್ಜಿ, "ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ ಎನ್ನು" ಎಂದರು. ಶಕ್ತಿಸಂರಕ್ಷಣೆಯ ನಿಯಮವನ್ನು ನನಗೆ ಯಾವ ಮೇಷ್ಟರೂ ಅಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಇನ್ನೊಂದು ಕಿವಿಮಾತು. ಇಲ್ಲಿನ ಫಲಕಗಳಲ್ಲಿ ಕನ್ನಡವೂ ಇದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಅದನ್ನು ದಾಟಿಹೋಗುತ್ತಾರೆ. ಕನ್ನಡ ಪಠ್ಯವನ್ನು ಅಜ್ಜಿಯೋ ತಾತನೋ ಗಟ್ಟಿಯಾಗಿ ಓದಲಿ. 'ಇನರ್ಷಿಯಾ' ಎಂದು ಉರು ಹೊಡೆದಿದ್ದ ಮಗಳಿಗೆ 'ಜಡತ್ವ' ಎಂದ ಕೂಡಲೇ ಅರ್ಥ ಹೊಳೆಯಿತು. ಮನೆಯಲ್ಲಿ ದಿನಾ ಬೆಳಿಗ್ಗೆ "ಏಳು, ಜಡಭರತನ ಹಾಗೆ ಬಿದ್ದಿರಬೇಡ" ಎಂದು ಬೈಸಿಕೊಳ್ಳುವವಳು ಅವಳೇ.

ಹನ್ನೆರಡು ಸೆಕೆಂಡಿನ ವಿಮಾನ

ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯ ಮುಂದೆ ಕನಿಷ್ಠ ಕಾಲು ಗಂಟೆ ನಿಲ್ಲಿ. ರೆಕ್ಕೆಯ ತುದಿಯಿಂದ ತುದಿಗೆ ಹನ್ನೆರಡು ಮೀಟರಿಗೂ ಹೆಚ್ಚು. ಸುಮ್ಮನೆ ನೋಡಿದರೆ ಬಟ್ಟೆ, ಕೋಲು, ತಂತಿ. ಹುಡುಕಲು ಒಂದೊಂದೇ ಕೆಲಸ ಕೊಡಿ.

ಮೊದಲನೆಯದು: ವಿಮಾನ ಓಡಿಸುವವರು ಎಲ್ಲಿ ಕೂರುತ್ತಾರೆ? ಕೂರುವುದಿಲ್ಲ. ಕೆಳಗಿನ ರೆಕ್ಕೆಯ ಮೇಲೆ ಬೋರಲಾಗಿ ಮಲಗುತ್ತಿದ್ದರು. ಎರಡನೆಯದು: ಸೈಕಲ್ ಎಲ್ಲಿದೆ? ರೈಟ್ ಸಹೋದರರು ಸೈಕಲ್ ಅಂಗಡಿ ಇಟ್ಟಿದ್ದವರು. ಸುಮಾರು 12 ಅಶ್ವಶಕ್ತಿಯ ಎಂಜಿನ್, ನಮ್ಮ ಬೀದಿಯ ಒಂದು ಸಾಧಾರಣ ಬೈಕಿನಷ್ಟು, ಹಿಂದಿನ ಎರಡು ಪ್ರೊಪೆಲರ್‌ಗಳನ್ನು ಸರಪಳಿಗಳಿಂದ ತಿರುಗಿಸುತ್ತಿತ್ತು. ಒಂದು ಸರಪಳಿ ನೇರವಾಗಿತ್ತು, ಇನ್ನೊಂದನ್ನು ಎಂಟರ ಅಂಕಿಯ ಹಾಗೆ ಅಡ್ಡ ಹಾಯಿಸಿದ್ದರು. ಏಕೆ ಎಂದು ಮಕ್ಕಳನ್ನೇ ಕೇಳಿ, ಸ್ವಲ್ಪ ಕಾಯಿರಿ. ಎರಡೂ ಒಂದೇ ಕಡೆಗೆ ತಿರುಗಿದರೆ ಇಡೀ ವಿಮಾನ ಒಂದು ಬದಿಗೆ ವಾಲಲು ನೋಡುತ್ತದೆ. ಎದುರುಬದುರಾಗಿ ತಿರುಗಿದರೆ ಒಂದನ್ನೊಂದು ಸರಿದೂಗಿಸುತ್ತವೆ.

ಮೂರನೆಯದಕ್ಕೆ ಹೊರಗೆ ಬರಬೇಕು. 1903ರ ಡಿಸೆಂಬರ್ 17ರ ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಸಂಗ್ರಹಾಲಯದಿಂದ ಹೊರಬಿದ್ದು ಕಬ್ಬನ್ ಉದ್ಯಾನದ ನೆರಳಿನಲ್ಲಿ ಮಕ್ಕಳು ಹೆಜ್ಜೆ ಹಾಕಿ ಅಳೆಯಲಿ. ನಮ್ಮ ಮಗನಿಗೆ ಅದು 71 ಹೆಜ್ಜೆ. ಆಮೇಲೆ ಅದೇ ದೂರವನ್ನು ಓಡಿದ. ಅಪ್ಪ ಗಡಿಯಾರ ನೋಡಿ ಎಣಿಸಿದರು. ಹನ್ನೊಂದು ಸೆಕೆಂಡು. ವಿಮಾನವನ್ನು ಸೋಲಿಸಿದ ಸಂಭ್ರಮ ಮನೆಗೆ ಬಂದರೂ ಇಳಿಯಲಿಲ್ಲ. ಅಂದು ಎದುರಿನಿಂದ ಬಲವಾದ ಗಾಳಿ ಬೀಸುತ್ತಿತ್ತು ಎಂಬುದನ್ನು ನಾನು ಹೇಳಲು ಹೋಗಲಿಲ್ಲ.

ವಿದ್ಯುತ್ ಗ್ಯಾಲರಿ, ಇನ್ನಷ್ಟು

ಕಾಂತ ಮತ್ತು ವಿದ್ಯುತ್ತಿನ ವಿಭಾಗ ಎಂಟು ವರ್ಷ ದಾಟಿದವರಿಗೆ ಹಿಡಿಸುತ್ತದೆ. ಕೈಯಿಂದ ತಿರುಗಿಸಿ ವಿದ್ಯುತ್ ಹುಟ್ಟಿಸುವ ಮಾದರಿ ಕಂಡರೆ ಬಿಡಬೇಡಿ. ದೀಪ ಉರಿಯುವಾಗ ಹಿಡಿ ಬಿಗಿಯಾಗುತ್ತದೆ. ಆ ಬಿಗಿ ಕೈಗೆ ತಿಳಿಯಬೇಕು. ರಾತ್ರಿ ಸೈಕಲ್ಲಿನ ಡೈನಮೋ ಒತ್ತಿದಾಗ ಪೆಡಲ್ ಭಾರವಾಗುತ್ತಿದ್ದ ನೆನಪು ಅಪ್ಪಂದಿರಿಗೆ ಇರುತ್ತದೆ, ಹೇಳಲಿ. ಇಲ್ಲಿಯೇ ಶಿವನಸಮುದ್ರದ ಮಾತನ್ನೂ ಎತ್ತಿ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಬೆಂಗಳೂರಿಗಲ್ಲ, ಕೋಲಾರದ ಚಿನ್ನದ ಗಣಿಗೆ. ನಮ್ಮ ಊರಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು.

ಚಿಕ್ಕವರಿಗೆ ಮೋಜಿನ ವಿಜ್ಞಾನದ ವಿಭಾಗ ಸಾಕು. ಅಲ್ಲಿ ವಿವರಿಸಬೇಡಿ. ಒತ್ತಲಿ, ತಿರುಗಿಸಲಿ. ಆದರೆ ಗುಂಡಿ ಒತ್ತುವ ಮೊದಲು "ಏನಾಗಬಹುದು?" ಎಂದು ಒಂದು ಊಹೆ ಹೇಳಿಸಿ. ಊಹೆ ತಪ್ಪಾದರೆ ಮಗು ಇನ್ನೊಮ್ಮೆ ಒತ್ತುತ್ತದೆ, ಸರಿಯಾದರೆ ಮುಂದಕ್ಕೆ ಓಡುತ್ತದೆ. ತಪ್ಪಾಗಲಿ ಎಂದೇ ಹಾರೈಸಿ.

ಊಟ ಹನ್ನೆರಡೂವರೆಗೆ. ಒಂದು ಗಂಟೆ ದಾಟಿದರೆ ಎಲ್ಲ ಕಡೆ ಸಾಲು, ಹಸಿದ ಮಗುವಿಗೆ ಯಾವ ವಿಜ್ಞಾನವೂ ಬೇಡ. ಊಟವಾದ ಮೇಲೆ ತಾರಾಮಂಡಲದ ಪ್ರದರ್ಶನಕ್ಕೆ ಟಿಕೆಟ್ ತೆಗೆದುಕೊಳ್ಳುವುದು ನಮ್ಮ ರೂಢಿ. ಕತ್ತಲು, ಕೂರುವ ಜಾಗ, ನಕ್ಷತ್ರಗಳು. ಹಿರಿಯರಿಗೂ ಕಿರಿಯರಿಗೂ ವಿಶ್ರಾಂತಿ ಆಗುತ್ತದೆ. ನಾನು ಒಮ್ಮೆ ಸಪ್ತರ್ಷಿ ಮಂಡಲ ಬರುವ ಮೊದಲೇ ನಿದ್ದೆ ಹೋಗಿದ್ದೇನೆ.

ಪಕ್ಕದಲ್ಲೇ ಇರುವ ಸರ್ಕಾರಿ ವಸ್ತುಸಂಗ್ರಹಾಲಯ ಅಂದು ತೆರೆದಿದ್ದರೆ, ನಾಯಿ ಎಂದರೆ ಪ್ರಾಣ ಬಿಡುವ ಮಕ್ಕಳನ್ನು ಆತಕೂರು ಶಾಸನದ ಮುಂದೆ ನಿಲ್ಲಿಸಿ. ಹತ್ತನೆಯ ಶತಮಾನದ ಕಲ್ಲು. ಮಣಲೇರ ಎಂಬ ವೀರನ 'ಕಾಳಿ' ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತದ್ದರ ನೆನಪಿಗೆ ನಿಲ್ಲಿಸಿದ್ದು. ಅಷ್ಟನ್ನು ಮಾತ್ರ ನೋಡಿ ಹೊರಬನ್ನಿ.

ಲಾಲ್‌ಬಾಗಿಗೆ

ಮೂರೂವರೆ ಸುಮಾರಿಗೆ ಮತ್ತೆ ಕಬ್ಬನ್ ಪಾರ್ಕ್ ನಿಲ್ದಾಣ. ಮೆಜೆಸ್ಟಿಕ್ ಕಡೆಗೆ ಹೋಗುವ ರೈಲು ಹತ್ತಿ. ದಾರಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣವೇ ಸಿಗುತ್ತದೆ, ಮಕ್ಕಳು ಘೋಷಣೆ ಕೇಳಿ ಕಿವಿ ನಿಮಿರಿಸುತ್ತಾರೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ. ಅಲ್ಲಿ ನಡಿಗೆ ಸ್ವಲ್ಪ ಉದ್ದ, ಹಿರಿಯರಿಗೆ ಲಿಫ್ಟ್ ಹುಡುಕಿಕೊಳ್ಳಿ. ಚಿಕ್ಕಪೇಟೆ, ಆಮೇಲೆ ಕೆ.ಆರ್. ಮಾರುಕಟ್ಟೆ: 1905ರಲ್ಲಿ ಮೊದಲ ಬೀದಿದೀಪ ಹತ್ತಿದ್ದು ಇದರ ಮೇಲಿನ ನೆಲದಲ್ಲೇ. ಅಲ್ಲಿಂದ ಮುಂದೆ ರೈಲು ಸುರಂಗದಿಂದ ಮೇಲೆದ್ದು ಬೆಳಕಿಗೆ ಬರುತ್ತದೆ. ನ್ಯಾಷನಲ್ ಕಾಲೇಜು ದಾಟಿ ಲಾಲ್‌ಬಾಗ್.

ಬಂಡೆಗೆ ನಾಲ್ಕೂವರೆಯ ಮೊದಲು ಹೋಗಬೇಡಿ, ಬಿಸಿಲಿಗೆ ಕಾದಿರುತ್ತದೆ. ಅಷ್ಟರವರೆಗೆ ಉದ್ಯಾನದಲ್ಲೇ ಇಟ್ಟಿರುವ ಕಲ್ಲಾದ ಮರವನ್ನು ನೋಡಿ. ತಮಿಳುನಾಡಿನ ತಿರುವಕ್ಕರೈಯಿಂದ ತಂದ ಎರಡು ಕೋಟಿ ವರ್ಷ ಹಳೆಯ ಕಾಂಡ ಅದು.

ಕೆಂಪೇಗೌಡ ಗೋಪುರ ನಿಂತಿರುವ ಆ ಬಂಡೆಯ ಮೇಲೆ ಸಂಜೆ ನೂರಾರು ಜನ ಕೂತಿರುತ್ತಾರೆ, ಸೆಲ್ಫಿ ತೆಗೆದು ಇಳಿಯುತ್ತಾರೆ. ನೀವು ಮಕ್ಕಳನ್ನು ಕುಕ್ಕರುಗಾಲಿನಲ್ಲಿ ಕೂರಿಸಿ, ಬಂಡೆಯ ಮೈಯನ್ನು ಹತ್ತಿರದಿಂದ ತೋರಿಸಿ. ಬಿಳಿ ಮತ್ತು ಕಪ್ಪು ಪಟ್ಟೆಗಳು, ಹಿಟ್ಟು ನಾದಿ ಎಳೆದ ಹಾಗೆ ಬಾಗಿ ಬಳುಕಿವೆ. ಬೆಳಕಿನ ಪಟ್ಟೆಯಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪಿನಲ್ಲಿ ಅಭ್ರಕದಂಥವು. ಓರೆಯಾಗಿ ನೋಡಿದರೆ ಚುಕ್ಕೆ ಚುಕ್ಕೆಯಾಗಿ ಮಿನುಗುತ್ತದೆ. ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಕಲ್ಲು ಹೀಗೆ ಪಟ್ಟೆಪಟ್ಟೆಯಾಗಿದೆ. ಇದಕ್ಕೆ ನೈಸ್ ಶಿಲೆ ಎನ್ನುತ್ತಾರೆ. ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅತ್ತೆಯವರು ಅಂಗೈಯಿಂದ ಸವರಿ, "ನಮ್ಮ ಒರಳುಕಲ್ಲಿನ ಜಾತಿ" ಎಂದರು.

ಈಗ ದಾರ ತೆಗೆಯಿರಿ. ಬಂಡೆಯ ಮೇಲೆ ಉದ್ದಕ್ಕೆ ಬಿಡಿಸಿ, ಒಂದೊಂದು ತುದಿಯಲ್ಲಿ ಒಬ್ಬೊಬ್ಬರು ಕೂರಲಿ. ಒಂದು ಗೇಣಿಗೆ ಹತ್ತು ಕೋಟಿ ವರ್ಷ. ಮೂವತ್ತು ಗೇಣು ಎಂದರೆ ಈ ಬಂಡೆಯ ವಯಸ್ಸು. ಕುಂಕುಮದ ಗುರುತಿಗೆ ಹತ್ತಿರದ ತುದಿ ಇಂದಿನ ದಿನ. ಅಲ್ಲಿಂದ ಒಂದು ಗೇಣು ಹಿಂದೆ, ಕುಂಕುಮದ ಗುರುತಿನಲ್ಲಿ, ಬೆಳಿಗ್ಗೆ ನೋಡಿದ ಸ್ಪೈನೋಸಾರಸ್. ಕಲ್ಲಾದ ಮರ ಇಂದಿನಿಂದ ಎರಡೂವರೆ ಬೆರಳಿನಷ್ಟು ದೂರ. ಮೊದಲ ಡೈನೋಸಾರ್‌ಗಳು ಮೂರನೆಯ ಗೇಣಿನೊಳಗೆ ಬರುತ್ತವೆ, ಅದರಾಚೆಯ ಇಪ್ಪತ್ತೇಳು ಗೇಣಿನಲ್ಲಿ ಡೈನೋಸಾರ್ ಇನ್ನೂ ಹುಟ್ಟಿಯೇ ಇಲ್ಲ.

ಬೆಳಗಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಡೈನೋಸಾರ್ ಕಾಲದಲ್ಲಿ ಈ ಬಂಡೆ ಆಗಲೇ ಮುದಿಯಾಗಿತ್ತು. ಮೂಳೆ ಕಲ್ಲಾಗಿ ಉಳಿಯಬೇಕಾದರೆ ಮರಳು, ಹೂಳು ಅದರ ಮೇಲೆ ಪದರಪದರವಾಗಿ ಕೂರಬೇಕು. ಗುಜರಾತಿನಲ್ಲಿ, ಜಬಲ್‌ಪುರದಲ್ಲಿ ಹಾಗೆ ಕೂತಿದೆ, ಅಲ್ಲಿ ಮೂಳೆಗಳು ಸಿಕ್ಕಿವೆ. ನಮ್ಮ ಕಾಲ ಕೆಳಗೆ ಅಂಥ ಪದರವೇ ಇಲ್ಲ. ಆದ್ದರಿಂದ ಇಲ್ಲಿ ಡೈನೋಸಾರ್ ಓಡಾಡಿದ್ದರೂ ಹೇಳಲು ಗುರುತು ಉಳಿದಿಲ್ಲ.

"ಮತ್ತೆ ನಾವು ಎಲ್ಲಿ?" ಎಂದು ಮಗ ಕೇಳಿದ. ಆಗ ರಾಗಿ ಕಾಳು. ನಮ್ಮಂಥ ಮನುಷ್ಯರು ಬಂದು ಸುಮಾರು ಮೂರು ಲಕ್ಷ ವರ್ಷ, ಈ ದಾರದ ಲೆಕ್ಕದಲ್ಲಿ ಅರ್ಧ ರಾಗಿ ಕಾಳು. ಅವನು ಪೊಟ್ಟಣ ಬಿಚ್ಚಿ, ಕಾಳನ್ನು ದಾರದ ತುದಿಗೆ ಇಟ್ಟು, ಹಲ್ಲಿನಿಂದ ಅರ್ಧ ಮಾಡಲಾ ಎಂದು ಅಜ್ಜಿಯ ಮುಖ ನೋಡಿದ. ಅಷ್ಟರಲ್ಲಿ ಗಾಳಿ ಬೀಸಿ ಕಾಳು ಹಾರಿಹೋಯಿತು. ಎಲ್ಲರೂ ಬಗ್ಗಿ ಹುಡುಕಿದೆವು, ಸಿಗಲಿಲ್ಲ. ನೀವು ಎರಡು ಕಾಳು ಇಟ್ಟುಕೊಳ್ಳಿ.

ಲಾಲ್‌ಬಾಗ್ ಬಾಗಿಲು ಏಳಕ್ಕೆ ಮುಚ್ಚುತ್ತದೆ. ಆರೂಕಾಲಿಗೆ ಇಳಿಯಲು ಶುರು ಮಾಡಿ, ಇಳಿಜಾರಿನಲ್ಲಿ ಹಿರಿಯರ ಕೈ ಹಿಡಿದುಕೊಳ್ಳಿ. ಸಂಜೆಯ ಹಸಿರು ಮಾರ್ಗದ ರೈಲಿನಲ್ಲಿ ಕೂರಲು ಜಾಗ ಸಿಗುವುದು ಕಷ್ಟ, ಅಜ್ಜಿಗೆ ಹಿರಿಯರ ಆಸನ ಕೇಳಿ ಕೊಡಿಸಿ. ಸ್ಟಫ್ ಮಾಡಿದ ಪ್ರಾಣಿಗಳು, ಕಾಡಿನ ದೃಶ್ಯಗಳು ಬೇಕೆಂದು ಮಕ್ಕಳು ಹಟ ಹಿಡಿದರೆ ಮುಂದಿನ ರಜೆಗೆ ಮೈಸೂರಿನ ಕಾರಂಜಿ ಕೆರೆ ದಂಡೆಯ ಪ್ರಾದೇಶಿಕ ನಿಸರ್ಗ ಇತಿಹಾಸ ಸಂಗ್ರಹಾಲಯ ಇದೆ. ದಾರವನ್ನು ಎಸೆಯಬೇಡಿ, ಅಲ್ಲಿಗೂ ಬೇಕಾಗುತ್ತದೆ.